ಗುಂಡೆ ಒತ್ತೆ

"ಮತ್ತೆ ಬಂದಿದ್ದಾನೆ!" ಸೋಮವಾರ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಫಕ್ಕೀರಪ್ಪ ಕಿರುಚಿದ.

"ಯಾರ್ರೀ? ಬೆಕ್ಕೇನು?" ಅಡುಗೆಮನೆಯಿಂದ ಹೆಂಡತಿ ಅಮೃತವ್ವ ಕೇಳಿದಳು.

"ತಪ್ಪಣ್ಣ!"

ಪರದೆಯ ಮೇಲೆ ಇತ್ತು: 'ಕಿಟಕೆ ತೆರೆದು ಗುಂಡೆ ಒತ್ತೆ.' ನಿನ್ನೆ ಸಂಜೆ ಅದೇ ಸಾಲು 'ಕಿಟಕಿ ತೆರೆದು ಗುಂಡಿ ಒತ್ತಿ' ಎಂದು ನೆಟ್ಟಗಿತ್ತು.

"ಗುಂಡಿಯನ್ನು ಒತ್ತೆ ಇಡಲು ಇದೇನು ಬ್ಯಾಂಕೇ?" ಸಿಟ್ಟು ಏರಿದರೆ ಫಕ್ಕೀರಪ್ಪನ ಮಾತೂ ಪುಸ್ತಕದ ಕನ್ನಡಕ್ಕೆ ಏರುತ್ತಿತ್ತು.

ಗದಗದ ಮುದ್ರಣಾಲಯವೊಂದರಲ್ಲಿ ಮೂವತ್ತು ವರ್ಷ ಕರಡು ತಿದ್ದಿ ನಿವೃತ್ತನಾಗಿ, ಲಕ್ಷ್ಮೇಶ್ವರಕ್ಕೆ ಮರಳಿದವನು ಅವನು. ಕೆಲಸ ಬಿಟ್ಟಿತು, ಕೆಂಪು ಪೆನ್ನು ಬಿಡಲಿಲ್ಲ. ಟೇಲರ್ ಕುತುಬುದ್ದೀನನ ಬೋರ್ಡು ತಿದ್ದಿದ. ಶಿರಹಟ್ಟಿಯ ಮದುವೆಯಲ್ಲಿ ಪಂಕ್ತಿಯಲ್ಲೇ ಕುಳಿತು ಲಗ್ನಪತ್ರಿಕೆ ತಿದ್ದಿ ಬೀಗರ ಕೈಗೆ ಕೊಟ್ಟ. ಹೋಳಿಗೆ ಬರುವ ಮೊದಲೇ ಎದ್ದು ಬರಬೇಕಾಯಿತು. ಓಣಿಯಲ್ಲಿ ಯಾರಾದರೂ 'ಮನಿ' ಎಂದರೆ ಅಡ್ಡಗಟ್ಟಿ ನಿಲ್ಲುತ್ತಿದ್ದ: "ಮನಿ ಅಲ್ಲ, ಮನೆ! ಕೊನೆಗೆ ಇ ಅಲ್ಲ, ಎ!"

ಎರಡು ವರ್ಷದ ಹಿಂದೆ ಝೆರಾಕ್ಸ್ ಅಂಗಡಿಯ ಮುಮ್ತಾಜ ಉಪಾಯ ಹೇಳಿದ್ದಳು. "ಕಾಕಾ, ಪತ್ರ ಬರಿಯೋ ತಂತ್ರಾಂಶ ಒಂದೈತಿ. ಓಪನ್ ಸೋರ್ಸ್. ಯಾರು ಬೇಕಾದ್ರೂ ಬಳಸಬಹುದು, ಯಾರು ಬೇಕಾದ್ರೂ ತಿದ್ದಬಹುದು. ಅದರ ಕನ್ನಡ ಸಹಾಯಪುಟದಾಗ ಬರೇ ತಪ್ಪು ನೋಡ್ರಿ."

"ಓಪನ್ ಇಟ್ರ ಸೋರೂದ," ಎಂದು ಫಕ್ಕೀರಪ್ಪ ಕುರ್ಚಿ ಎಳೆದುಕೊಂಡ.

'ಕಡತ ಉಳಿಸಿ' ಇರಬೇಕಾದಲ್ಲಿ 'ಕಡತ ಅಳಿಸಿ' ಎಂದಿತ್ತು. ಅದನ್ನು ನಂಬಿ ಎಷ್ಟು ಜನ ಅತ್ತರೋ. ಅಂದಿನಿಂದ ಅವನು ಮನೆ ಬಿಟ್ಟು ಕದಲಲಿಲ್ಲ. ಪೆನ್ನಿನ ಮಸಿ ಒಣಗಿತು. ಓಣಿ ತಣ್ಣಗಾಯಿತು. ಕುತುಬುದ್ದೀನ ಹೊಸ ಬೋರ್ಡು ಬರೆಸಿದ.

ಪುಟ ನಡೆಸುವವರು ಫಕ್ಕೀರಪ್ಪನಿಗೆ ಮಾತು ಕೊಟ್ಟಿದ್ದರು. ಹತ್ತು ದಿನ ಒಂದೂ ತಪ್ಪಿಲ್ಲದೆ ಇದ್ದರೆ ಪುಟಕ್ಕೆ ಬೀಗ, ಆಮೇಲೆ ಯಾರೂ ಅದನ್ನು ಮುಟ್ಟುವಂತಿಲ್ಲ. ಮೇಲೆ ದಪ್ಪಕ್ಷರದಲ್ಲಿ 'ತಿದ್ದಿದವರು: ಫಕ್ಕೀರಪ್ಪ, ಲಕ್ಷ್ಮೇಶ್ವರ'. ಮೂವತ್ತು ವರ್ಷ ಅವನು ತಿದ್ದಿದ ಪುಸ್ತಕಗಳಲ್ಲಿ ಬರೆದವನ ಹೆಸರಿತ್ತು, ಅಚ್ಚು ಹಾಕಿದವನ ಹೆಸರಿತ್ತು, ರಟ್ಟು ಕಟ್ಟಿದವನ ಹೆಸರೂ ಇತ್ತು. ಅವನದು ಎಲ್ಲಿಯೂ ಇರಲಿಲ್ಲ.

ಈಗ ಬರಬೇಕು ಎನ್ನುವಷ್ಟರಲ್ಲಿ ಈ ತಪ್ಪಣ್ಣ, ಖಾತೆಯ ಹೆಸರು ಬಿಟ್ಟರೆ ಯಾರೆಂದು ಗೊತ್ತಿಲ್ಲದವನು. ದಿನಕ್ಕೊಂದು ತಪ್ಪು, ಹಾಲಿನವನ ಹಾಗೆ ತಪ್ಪದೆ.

"ಬೀಗ ಬಿದ್ದಮ್ಯಾಲೆ ಏನ್ ಮಾಡ್ತೀರಿ?" ಅಮೃತವ್ವ ಮೆಲ್ಲಗೆ ಕೇಳಿದಳು.

"ಪೆನ್ನಿಗೆ ಹೊಸಾ ರಿಫಿಲ್ ಹಾಕಿ ಹೊರಗ ಬೀಳ್ತೀನಿ. ಊರು ಭಾಳ ಕೆಟ್ಟೈತಿ."

ಅಮೃತವ್ವನ ಕೈಯಿಂದ ಸೌಟು ಬಿತ್ತು.

ಫಕ್ಕೀರಪ್ಪ ಬೇಟೆಗೆ ಹೊರಟ. ಇ ಇರುವಲ್ಲೆಲ್ಲ ಎ ಬರೆಯುವವನೇ ಕಳ್ಳ. ಮೊದಲು ಕುತುಬುದ್ದೀನನ ಅಂಗಡಿ.

"ಒಂದು ಚೀಟಿ ಬರಿ ನೋಡೂಣು. ಕತ್ತರಿ, ಗುಂಡಿ, ಅಂಗಿ."

ಕುತುಬುದ್ದೀನ ಬೆವತ. ಬರೆದ: ಕತ್ತರೆ, ಗುಂಡೆ, ಅಂಗೆ.

"ಸಿಕ್ಕಿಬಿದ್ದೆ!"

"ಅಲ್ರೀ ಕಾಕಾ, ಕೊನೀಗೆ ಇ ಹಾಕಿದ್ರ ಕೈ ಮುರೀತೀನಿ ಅಂದಾವ್ರು ನೀವ ಅಲ್ಲೇನು?"

ಹಿಡಿದ ಕಾಲರು ಬಿಡಬೇಕಾಯಿತು. ಮರುದಿನ ಮಂಗಳವಾರ ಕುತುಬುದ್ದೀನ ಫೋನು ಅಂಗಡಿಯಲ್ಲೇ ಮರೆತು ಮುಂಡರಗಿಗೆ ಹೋಗಿದ್ದ. ಆದರೂ ಪುಟದಲ್ಲಿ 'ಕೊಂಡಿ' ಇದ್ದದ್ದು 'ಕೊಂಡೆ' ಆಗಿತ್ತು. ಮುಮ್ತಾಜಳ ಕೈಯಲ್ಲಿ ಬರೆಸಿದರೆ ಅವಳದೂ ಕೊಂಡೆ. ಮನೆಗೆ ಬಂದರೆ ಅಮೃತವ್ವನ ಸಂತೆ ಚೀಟಿಯಲ್ಲಿ ಕೊತ್ತಂಬರೆ. ಇಡೀ ಓಣಿಯೇ ಅವನಿಗೆ ಹೆದರಿ ಇ ಬಿಟ್ಟಿತ್ತು. ಕಳ್ಳನ ಗುರುತು ಎಲ್ಲರಲ್ಲೂ ಇದ್ದ ಮೇಲೆ ಕಳ್ಳ ಎಲ್ಲಿ?

ಕೊನೆಗೆ ದೂರು ಬರೆದು ತಪ್ಪಣ್ಣನ ಖಾತೆಯನ್ನೇ ಮುಚ್ಚಿಸಿದ.

"ಹೊಸಾ ಖಾತೆಗೆ ಒಪ್ಪಿಗಿ ಸಿಗಾಕ ಒಂಬತ್ತು ದಿನ ಬೇಕು," ಎಂದು ಮುಮ್ತಾಜ ನಿಟ್ಟುಸಿರು ಬಿಟ್ಟಳು.

"ನಿನಗ್ಯಾಕ ಬೇಕು ಆ ಖಬರ?"

"ಸುಮ್ನ ಅಂದೆ, ಕಾಕಾ."

ಒಂದು ದಿನ ಹೋಯಿತು. ಐದಾಯಿತು. ಪುಟ ತೊಳೆದಿಟ್ಟ ತಟ್ಟೆಯ ಹಾಗಿತ್ತು. ತಿದ್ದಲು ಏನೂ ಇಲ್ಲ. ಫಕ್ಕೀರಪ್ಪನಿಗೆ ಊಟ ಸೇರಲಿಲ್ಲ. ಏಳನೇ ದಿನ ಬೆಲ್ಲದ ಪೊಟ್ಟಣದ ಹಳೇ ಪೇಪರು ತಿದ್ದಿದ. ಎಂಟನೇ ದಿನ ರಿಫಿಲ್ ತಂದ. ಒಂಬತ್ತನೇ ದಿನ ಕುತುಬುದ್ದೀನ ತನ್ನ ಬೋರ್ಡಿಗೆ ಚಾದರ ಹೊದಿಸಿದ.

ಹತ್ತನೇ ದಿನ ಬೆಳಿಗ್ಗೆ ಪುಟ ತೆರೆದರೆ, 'ಕೀಲಿಮಣೆ' ಹೋಗಿ 'ಕೀಲೆಮಣೆ' ಆಗಿ ಕುಳಿತಿತ್ತು. ಬರೆದವರು: ತಪ್ಪಣ್ಣ-೨.

"ಅಯೋಗ್ಯ!" ಎಂದು ಫಕ್ಕೀರಪ್ಪ ಗುಡುಗಿದ. ಆದರೆ ಕುರ್ಚಿ ಎಳೆದುಕೊಂಡ ಚುರುಕು ನೋಡಬೇಕಿತ್ತು. ತಪ್ಪು ತಿದ್ದಿದ, ಎರಡು ರೊಟ್ಟಿ ಹೆಚ್ಚಿಗೆ ತಿಂದ, ಹೊಸ ದೂರು ಅಚ್ಚು ಹಾಕಿಸಲು ಝೆರಾಕ್ಸ್ ಅಂಗಡಿಗೆ ಓಡಿದ.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಯಂತ್ರ ಮಾತ್ರ ಬಿಸಿ ಬಿಸಿ ಏಳು ಪ್ರತಿ ಉಗುಳಿ ನಿಂತಿತ್ತು. ಮೇಲಿನ ಹಾಳೆ ಎತ್ತಿದ. ಅಮೃತವ್ವನ ದುಂಡು ಅಕ್ಷರ.

'ಓಣೆಯ ಶಾಂತೆಗೆ ತಪ್ಪು ಮಾಡುವ ಪಾಳೆ. ಸೋಮವಾರ ಕುತುಬುದ್ದೀನ. ಮಂಗಳವಾರ ಮುಮ್ತಾಜ...' ಓಣಿಯ ಮನೆಗೊಂದು ದಿನ. 'ರವಿವಾರ ನಾನು. ಯಾರೂ ಮರೆಯಬಾರದು. ಮರೆತರೆ ಅವರು ಹೊರಗೆ ಬರುತ್ತಾರೆ.'

ಫಕ್ಕೀರಪ್ಪ ಅತ್ತಿತ್ತ ನೋಡಿ ಕೆಂಪು ಪೆನ್ನು ತೆಗೆದ. ಏಳೂ ಪ್ರತಿಗಳಲ್ಲಿ ಓಣಿ, ಶಾಂತಿ, ಪಾಳಿ ಎಂದು ತಿದ್ದಿ, ಅಡಿಯಲ್ಲಿ 'ತಿದ್ದಿದವರು: ಫಕ್ಕೀರಪ್ಪ, ಲಕ್ಷ್ಮೇಶ್ವರ' ಎಂದು ಬರೆದು, ಇದ್ದಲ್ಲೇ ಇಟ್ಟು ಮನೆಗೆ ಹೋದ.