ಉಗುರಿನಷ್ಟು ಮುಖ

"ಅಳಿಸಿಬಿಡ್ಲಾ ಅಕ್ಕಾ?" ಎಂದು ಮೊಬೈಲ್ ರಿಪೇರಿಯವನು ಎರಡನೇ ಸಲ ಕೇಳಿದ. ಆಕೆ ಪರದೆಯತ್ತ ಬಾಗಿದಳು. ಗಂಡ ಚಾರ್ಜಿಗಿಟ್ಟು ಮರೆತುಹೋಗಿದ್ದ ಫೋನು ಅದು. ಜಾಗ ತುಂಬಿ ಒದ್ದಾಡುತ್ತಿದೆಯೆಂದು ತಾನೇ ತಂದಿದ್ದಳು. ಈಗ ಅದರ ಬಚ್ಚಿಟ್ಟ ಫೋಲ್ಡರಿನೊಳಗೆ ಮಗಳು ಸಾಲುಸಾಲಾಗಿ ನಗುತ್ತಿದ್ದಳು. ಒಂದೊಂದು ಮುಖವೂ ಉಗುರಿನಷ್ಟೇ.

ಮಗಳು ತೀರಿಕೊಂಡ ವಾರವೇ ಗಂಡ ಫೋಟೊಗಳನ್ನೆಲ್ಲ ಅಳಿಸಿಹಾಕಿದ್ದ. "ನೋಡ್ತಾ ಕೂತ್ರೆ ನೀನು ಉಳಿಯಲ್ಲ" ಎಂದಿದ್ದ. ಅವನದು ಕಲ್ಲೆದೆಯೆಂದು ಅಂದೇ ಮಾತು ಬಿಟ್ಟವಳು, ಈಗಲೂ ತಟ್ಟೆಯನ್ನು ಅವನ ಮುಂದೆ ಕುಕ್ಕಿ ಒಳಗೆ ಹೋಗುತ್ತಿದ್ದಳು.

"ಫೋಟೊ ಹೋದ್ರೂ ಅದರ ಪುಟಾಣಿ ನಕಲು ಒಳಗೇ ಕೂತಿರುತ್ತೆ" ಎಂದ ರಿಪೇರಿಯವನು. " ಜಾಗ ತಿಂತಿರೋದು ಇದೇ. ನಿಮ್ಮ ಯಜಮಾನ್ರಿಗೂ ತೋರಿಸಿದ್ದೆ, ಜಪ್ಪಯ್ಯ ಅಂದ್ರೂ ಅಳಿಸೋಕೆ ಬಿಡಲಿಲ್ಲ. ದೊಡ್ಡದು ಮಾಡಕ್ಕಾಗುತ್ತಾ ಅಂತ ಒಂದೇ ಸಮ ಕೇಳಿದ್ರು. ಹಿಗ್ಗಿಸಿದ್ರೆ ಮುಖ ಕಲಸಿಹೋಗುತ್ತೆ, ಇಷ್ಟರಲ್ಲೇ ನೋಡ್ಕೋಬೇಕು ಅಂದೆ."

ಗಂಡ ಗಡಿಯಾರ ರಿಪೇರಿ ಮಾಡುವವನು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿ ಈಚೆಗೆ ಅಂಗಿಯ ಜೇಬಿನಲ್ಲೇ ಮನೆಗೆ ಬರುತ್ತಿತ್ತು. ಊಟಕ್ಕೆ ಕೂತಾಗ ಅವನ ಬಲಗಣ್ಣಿನ ಸುತ್ತ ಅದು ಒತ್ತಿದ ಕೆಂಪು ಗುರುತು ಕಾಣುತ್ತಿತ್ತು. ಇವರಿಗೆ ಆ ಕೆಲಸವೊಂದಿದ್ದರೆ ಸಾಕು ಎಂದು ಆಕೆ ಮುಖ ತಿರುಗಿಸುತ್ತಿದ್ದಳು.

"ಬೇಡಪ್ಪಾ, ಇರಲಿ" ಎಂದು ಫೋನಿಗೆ ಕೈಚಾಚಿದಳು. ಗಡಿಯಾರದಂಗಡಿ ಮುಚ್ಚಿರುವ ಭಾನುವಾರಗಳಲ್ಲೂ ಆ ಗುರುತು ಇರುತ್ತಿತ್ತು.