ಕುಲಾಶ್ ಅಜ್ಜಿ ಏರ್ಪಡಿಸಿದ ಓಟ

ಮಗುವಿನ ಎರಡೂ ಕಾಲು ಸೇರಿಸಿ ಕುರಿಯ ಕೊಬ್ಬು ತುಂಬಿದ ಕರುಳು ಸುತ್ತುವುದನ್ನು ಕಂಡಾಗ, ಮನುಷ್ಯರಿಗೂ ಕೊನೆಗೆ ಬುದ್ಧಿ ಬಂತೆಂದು ಅಕ್ತೋಸ್‌ಗೆ ಅನಿಸಿತು.

ಬೇಸಿಗೆ ಮುಗಿಯುತ್ತಾ ಬಂದಿತ್ತು. ಸಂಜೆಯಾದರೆ ಅಲಾಕೋಲ್ ಸರೋವರದ ಕಡೆಯಿಂದ ಚಳಿಗಾಳಿ. ಈಜಲು ಬಂದವರು ಡೇರೆ ಮಡಚಿ ಹೊರಡುತ್ತಿದ್ದರು. ಹೊಗೆಯಲ್ಲಿ ಬೇಯಿಸಿದ ಮೀನಿನ ತಲೆ ಎಸೆಯುವ ಪುಣ್ಯಾತ್ಮರು ದಿನೇದಿನೇ ಕಡಿಮೆಯಾಗುತ್ತಿದ್ದರು. ಕಲ್ಲಂಗಡಿ ಸಿಪ್ಪೆಗೇನೂ ಬರವಿರಲಿಲ್ಲ, ಆದರೆ ಅಕ್ತೋಸ್ ನಾಯಿ, ಕುರಿಯಲ್ಲ. ಬೆಕ್ಕಿಗಿಂತ ಒಂದು ಬೆರಳು ಎತ್ತರವಿದ್ದುದರಿಂದ ತಾನು ನಾಯಿ ಎಂಬುದನ್ನು ಅದು ದಿನವೂ ಬೊಗಳಿ ಸಾಬೀತು ಮಾಡಬೇಕಿತ್ತು. ಅದಕ್ಕೂ ಈಗ ತ್ರಾಣವಿಲ್ಲ, ಹೊಟ್ಟೆ ಬೆನ್ನಿಗೆ ಅಂಟಿತ್ತು.

ಕರುಳು ಕಟ್ಟಿದವಳು ಕುಲಾಶ್ ಅಜ್ಜಿ. ಮೊಮ್ಮಗ ಅಲ್ದಿಯಾರ್‌ಗೆ ಒಂದೂವರೆ ವರ್ಷ. ಹಿಡಿದ ಕೈ ಬಿಟ್ಟರೆ ಕುಕ್ಕರಿಸಿಬಿಡುತ್ತಿದ್ದ. ಅಜ್ಜಿಗೆ ಒಳಗೊಳಗೇ ಭಯ. ಈ ಅಲಾಕೋಲ್ ಸೀಮೆಯ ನಮ್ಮ ಜನರಲ್ಲಿ ಇದಕ್ಕೊಂದು ಶಾಸ್ತ್ರವಿದೆ: ಬಂಧುಗಳು ದೂರದಿಂದ ಓಡಿ ಬರಬೇಕು, ಮೊದಲು ಮುಟ್ಟಿದವರು ಮಗುವಿನ ಕಾಲಿನ ಕಟ್ಟು ಕತ್ತರಿಸಬೇಕು. ಮಗು ನಡೆಯುತ್ತದೆ, ಕತ್ತರಿಸಿದವರ ಗುಣವೂ ಅದಕ್ಕೆ ಬರುತ್ತದೆ. ಗುಣದ ವಿಷಯವನ್ನು ದೇವರಿಗೆ ಬಿಟ್ಟು ಸುಮ್ಮನಿರುವ ಹೆಂಗಸಲ್ಲ ಕುಲಾಶ್.

“ಕೇಳಿಸ್ಕೊಳ್ರೋ,” ಎಂದು ಓಡುವ ಗಂಡಸರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು. “ನಮ್ಮ ಒರಾಜ್ ಗೆಲ್ಬೇಕು. ಹಲ್ಲಿನ ಡಾಕ್ಟರು, ಮೂರಂತಸ್ತಿನ ಮನೆ. ಯಾರಾದ್ರೂ ಅವನನ್ನ ದಾಟಿದ್ರೋ, ಮಾಂಸದ ತಟ್ಟೆ ಹತ್ರ ಸುಳೀಬೇಡಿ.”

ಅವಳ ಅಣ್ಣನ ಮಗ ಒರಾಜ್ ಹೊಟ್ಟೆ ಸವರಿಕೊಂಡ. “ಅಪಾ, ಈ ಮರಳಲ್ಲಿ ನನಗೆ ನಡೆಯೋಕೇ ಆಗಲ್ಲ.” ಮನೆಯ ಹಿರಿಯ ಹೆಂಗಸನ್ನು ನಮ್ಮಲ್ಲಿ ಅಪಾ ಎನ್ನುತ್ತಾರೆ.

“ನೀನು ನಡಿ ಸಾಕು. ಮಿಕ್ಕವರು ತೆವಳ್ತಾರೆ.”

ಮಗುವನ್ನು ಹಿಡಿದು ನಿಂತಿದ್ದ ಸೊಸೆ ಮೆರುಯೆರ್ತ್ ಕೇಳಿದಳು: “ಗುಣದ ಜೊತೆ ಹೊಟ್ಟೆನೂ ಬರುತ್ತಾ ಅಪಾ?”

“ನಿನ್ನ ಬಾಯಿ ಬರದಿದ್ರೆ ಸಾಕಮ್ಮ.”

ಓಟ ಶುರುವಾಯಿತು. ಅಂಥ ಓಟವನ್ನು ಅಕ್ತೋಸ್ ಜನ್ಮದಲ್ಲಿ ಕಂಡಿರಲಿಲ್ಲ. ಮುಂದೆ ಒರಾಜ್ ಏದುಸಿರು ಬಿಡುತ್ತಾ ಕಾಲೆಳೆಯುತ್ತಿದ್ದ. ಹಿಂದೆ ಗಟ್ಟಿಮುಟ್ಟಾದ ಗಂಡಸರು ನಿಂತಲ್ಲೇ ಕುಪ್ಪಳಿಸುತ್ತಿದ್ದರು, ಒಬ್ಬನಂತೂ ಕೂತು ಬೂಟಿನ ದಾರ ಬಿಗಿಯುತ್ತಿದ್ದ. ಇವರಿಗೆ ಯಾರಿಗೂ ಹಸಿವಿಲ್ಲ ಎಂಬುದು ಅಕ್ತೋಸ್‌ಗೆ ಖಚಿತವಾಯಿತು. ಅದಕ್ಕೆ ಇತ್ತು.

ಅದು ಅವರ ಕಾಲುಗಳ ನಡುವೆ ನುಗ್ಗಿ, ಒರಾಜ್‌ನನ್ನು ದಾಟಿ, ಮಗುವಿನ ಕಾಲಿನ ಕಟ್ಟಿಗೆ ಬಾಯಿ ಹಾಕಿತು. ಕರುಳು ಒಂದೇ ಕಡಿತಕ್ಕೆ ತುಂಡಾಯಿತು. ಮಗುವಿಗೆ ಹಲ್ಲು ಸೋಕಲೂ ಇಲ್ಲ. ಮೆರುಯೆರ್ತ್ ಕಿರುಚಿ ಕೈಬಿಟ್ಟಳು. ಅಕ್ತೋಸ್ ಕರುಳು ಕಚ್ಚಿಕೊಂಡು ನೀರಿನತ್ತ ಓಡಿತು. ಅಲ್ದಿಯಾರ್ ಕೇಕೆ ಹಾಕುತ್ತಾ, ಅದರ ಬಾಲಕ್ಕೆ ಕೈ ಚಾಚಿಕೊಂಡು ಹಿಂದೆಯೇ ನಡೆದ. ಓಲಾಡಿದ, ಬೀಳಲಿಲ್ಲ.

ಕುಲಾಶ್ ಮರಳ ಮೇಲೆ ಕುಸಿದಳು. “ಅಯ್ಯೋ, ನನ್ನ ವಂಶಕ್ಕೆ ನಾಯಿ ಗುಣ!”

“ಇನ್ನೊಂದ್ಸಲ ಕಟ್ಟೋಣ ಅಪಾ,” ಎಂದ, ಆಗಷ್ಟೇ ಚಾಕು ಹಿಡಿದು ಬಂದು ತಲುಪಿದ ಒರಾಜ್.

“ನಡೀತಿರೋ ಮಗೂನ ಮತ್ತೆ ಕಟ್ಟಿಹಾಕ್ತಾರೇನೋ ಪೆದ್ದ!”

ಮೆರುಯೆರ್ತ್ ನಗುತ್ತಲೇ ಕಣ್ಣೊರೆಸಿಕೊಂಡಳು. “ಬಿಡಿ ಅಪಾ. ಓಡಿ ಅಂದಾಗ ನಿಜವಾಗ್ಲೂ ಓಡಿದ್ದು ಅದೊಂದೇ.”

ಕುಲಾಶ್ ಮೊಮ್ಮಗನ ಹೆಜ್ಜೆಗಳನ್ನು ಎಣಿಸಿದಳು. ಆಮೇಲೆ ಎದ್ದು, ಕಾರಿನಿಂದ ಏನನ್ನೋ ತೆಗೆದುಕೊಂಡು ನೀರಿನ ಅಂಚಿಗೆ ನಡೆದಳು. ಅವಳು ಬರುವುದನ್ನು ಕಂಡ ಅಕ್ತೋಸ್ ಉಳಿದದ್ದನ್ನು ಗುಳುಕ್ಕನೆ ನುಂಗಿ, ಇನ್ನೇನು ಕಲ್ಲು ಬೀಳುತ್ತದೆಂದು ಕಣ್ಣು ಮುಚ್ಚಿತು. ಬಿದ್ದದ್ದು ಗೆದ್ದವರಿಗೆಂದು ಹೊಲಿಸಿದ್ದ ಜರಿಯ ನಿಲುವಂಗಿ, ಅಳತೆ ಒರಾಜ್‌ನದು.