ಬರ್ಫದ ಖಾನೆ

ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಲಸ ಮಾಡುವುದಿಲ್ಲ, ಎಸೆಯಬೇಕೆಂದು ಡಬ್ಬಿಯೊಳಗಿನ ಕಾಗದದಲ್ಲಿ ಬರೆದಿದೆಯಂತೆ. ಮೊಮ್ಮಗಳು ಇವತ್ತು ನನಗೆ ಓದಿ ಹೇಳಿದಳು.

ನನ್ನ ಚಿಕ್ಕಂದಿನಲ್ಲಿ ಅವ್ವನ ಇನ್ಸುಲಿನ್ ಡಬ್ಬಿಯಲ್ಲೂ ಅಂಥ ಕಾಗದವಿತ್ತು. ಇಂಗ್ಲಿಷಿನದು, ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ನಾನು ಅದನ್ನು ಮಡಚಿ ಬೀಸಣಿಕೆ ಮಾಡಿಕೊಂಡಿದ್ದೆ.

ಮರಾಠಿ ಸೀಮೆಯ ಕಾಮಠಿಯಲ್ಲಿ, ನಾವಿದ್ದ ಚಾಳಿನ ಸಾಲುಮನೆಗಳಲ್ಲಿ ಫ್ರಿಜ್ ಇದ್ದದ್ದು ಮನೆ ಮಾಲಕಿ ಮರಾಠಿ ಕಾಕುವಿನ ಹತ್ತಿರ ಮಾತ್ರ. ಅವ್ವನ ಔಷಧ ಅಲ್ಲೇ ಇರುತ್ತಿತ್ತು. ಮೇ ತಿಂಗಳ ಒಂದು ಮಧ್ಯಾಹ್ನ ತರಲು ಹೋದರೆ ಕಾಕು, "ಬರ್ಫಾತ ಠೇವಲೀ ಹೋತೀ, ಏಕದಮ್ ಥಂಡ!" ಎಂದು ನಕ್ಕಳು. ಉಪಕಾರವೆಂದು ಬಾಟಲಿಯನ್ನು ನೀರು ಮಂಜುಗಡ್ಡೆಯಾಗುವ ಬರ್ಫದ ಖಾನೆಯಲ್ಲೇ ಇಟ್ಟಿದ್ದಳು.

"ಅವ್ವಾ, ಕಲ್ಲಾಗೇತಿ," ಎಂದೆ.

"ಬಿಸಿಲಾಗ ಇಡು, ಕರಗತೈತಿ. ಕಾಕು ಮುಂದ ಏನೂ ಅನಬ್ಯಾಡ. ನಾಳೆ ಇಡಾಕ ಜಾಗಾ ಕೊಡಲಿಲ್ಲಂದ್ರ?"

ಕರಗಿದ ಮೇಲೆ ಒಳಗೆ ಒಡೆದ ಹಾಲಿನ ಹಾಗೆ ಚೂರುಗಳು ತೇಲುತ್ತಿದ್ದವು. ಅವ್ವ ಬಾಟಲಿ ಅಲುಗಾಡಿಸಿ ತೊಡೆಗೆ ಚುಚ್ಚಿಕೊಂಡಳು. ಅದು ಮುಗಿಯುವ ತನಕ ದಿನಾ ಅದನ್ನೇ ಚುಚ್ಚಿಕೊಂಡಳು.

ಅವ್ವನ ರಕ್ತದಲ್ಲಿ ಸಕ್ಕರೆ ಏರಿತು. ಕದ್ದು ಸಿಹಿ ತಿನ್ನುತ್ತೀಯಾ ಎಂದು ದವಾಖಾನೆಯಲ್ಲಿ ಡಾಕ್ಟರು ಎಲ್ಲರೆದುರು ಬೈದರು. "ಬಾಯಿ ಕಟ್ಟಾಕ ಆಗೂದಿಲ್ಲೇನ ನಿನಗ?" ಎಂದ ಅಪ್ಪ, ಮನೆಗೆ ಬಂದವನೇ ಬೆಲ್ಲದ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ.